ಉತ್ಕರ್ಷಣ ನಿರೋಧಕ ಕಿಣ್ವವನ್ನು ಅನುಕರಿಸುವ ತಾಮ್ರದ ಸಂಯುಕ್ತಗಳು: ಬೀದರ್, ಭಾಲ್ಕಿ ಹಾಗೂ ಔರಾದ ಭಾಗದ ಜಾನುವಾರು ಪಾಲಕರಿಗೆ ಮಾಹಿತಿ

ಖನಿಜ ಮಿಶ್ರಣದ ಚೀಲಗಳ ಮೇಲೆ ಮತ್ತು ಜಾನುವಾರುಗಳಿಗೆ ಕುಡಿಸುವ ಪೂರಕ ದ್ರಾವಣಗಳ ಬಾಟಲಿಗಳ ಮೇಲೆ ‘ಕೀಲೇಟೆಡ್ ತಾಮ್ರ’, ‘ಸಾವಯವ ತಾಮ್ರ’, ‘ಉತ್ಕರ್ಷಣ ನಿರೋಧಕ’ ಎಂಬ ಪದಗಳು ಈಗ ಸಾಮಾನ್ಯವಾಗಿವೆ. ಕೆಲವು ಪ್ರಚಾರಪತ್ರಗಳಲ್ಲಿ, ಈ ತಾಮ್ರವು ದೇಹದ ರಕ್ಷಕ ಕಿಣ್ವದಂತೆಯೇ ಕೆಲಸ ಮಾಡುತ್ತದೆ ಎಂಬ ಮಾತೂ ಇರುತ್ತದೆ. ಈ ಮಾತಿನ ಹಿಂದೆ ನಿಜವಾದ ವಿಜ್ಞಾನವಿದೆ. ಆದರೆ ಪ್ರಯೋಗನಾಳದಲ್ಲಿ ಸತ್ಯವಾದದ್ದು ಆಕಳಿನ ಹೊಟ್ಟೆಯಲ್ಲಿಯೂ ಹಾಗೆಯೇ ಸತ್ಯವಾಗುವುದಿಲ್ಲ. ಇದಕ್ಕಿಂತ ಮುಖ್ಯವಾಗಿ, ಆಕಳಿಗೆ ಹಿತವಾದ ತಾಮ್ರದ ಪ್ರಮಾಣ ಅದೇ ಕೊಟ್ಟಿಗೆಯ ಕುರಿಗೆ ಪ್ರಾಣಾಪಾಯ ತರಬಲ್ಲದು. ಆದುದರಿಂದ ಈ ವಿಷಯವನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ಸ್ವಲ್ಪ ವಿವರವಾಗಿ ತಿಳಿದಿರುವುದು ಅವಶ್ಯ.

ಕಿಣ್ವ ಮಾಡುವ ಕೆಲಸ

ಉಸಿರಾಡುವ ಪ್ರತಿಯೊಂದು ಜೀವಕೋಶವೂ ಆಮ್ಲಜನಕವನ್ನು ಬಳಸುವಾಗ ಅದರ ಅಲ್ಪ ಭಾಗ ‘ಸೂಪರ್ ಆಕ್ಸೈಡ್’ ಎಂಬ ಚಂಚಲ ರೂಪಕ್ಕೆ ತಿರುಗುತ್ತದೆ. ಇದು ಹೆಚ್ಚಾದರೆ ಜೀವಕೋಶದ ಪೊರೆ, ಪ್ರೋಟೀನು ಮತ್ತು ವಂಶವಾಹಿಗಳಿಗೆ ಹಾನಿಯಾಗುತ್ತದೆ. ಕರು ಹಾಕುವ ಮೂರು ವಾರ ಮೊದಲಿನಿಂದ ಮೂರು ವಾರ ನಂತರದವರೆಗೆ, ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ, ಕೆಚ್ಚಲು ಬಾವು ಬಂದಾಗ, ದೂರ ಸಾಗಿಸಿದಾಗ ಈ ಒತ್ತಡ ಏರುತ್ತದೆ. ಹಾಗೆ ಏರಿದ ಒತ್ತಡಕ್ಕೂ ಕಸ ಬೀಳದಿರುವುದು, ಕೆಚ್ಚಲು ಬಾವು ಮೊದಲಾದ ತೊಂದರೆಗಳಿಗೂ ಸಂಬಂಧವಿದೆ.

ಸೂಪರ್ ಆಕ್ಸೈಡನ್ನು ಅಡಗಿಸುವ ಕಿಣ್ವದ ಹೆಸರು ಸೂಪರ್ ಆಕ್ಸೈಡ್ ಡಿಸ್‌ಮ್ಯುಟೇಸ್. ಇದರ ಕಥೆ ಎತ್ತಿನ ರಕ್ತದಿಂದಲೇ ಆರಂಭವಾಗುತ್ತದೆ. 1938ರಲ್ಲಿ ಕೇಂಬ್ರಿಜ್‌ನ ಮ್ಯಾನ್ ಮತ್ತು ಕೀಲಿನ್ ಎಂಬ ವಿಜ್ಞಾನಿಗಳು ದನದ ರಕ್ತದಿಂದ ತಾಮ್ರವುಳ್ಳ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಅದು ಏನು ಕೆಲಸ ಮಾಡುತ್ತದೆಂಬುದು ಅಂದು ತಿಳಿಯಲಿಲ್ಲ. ಮೂವತ್ತೊಂದು ವರ್ಷಗಳ ಬಳಿಕ, 1969ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮೆಕಾರ್ಡ್ ಮತ್ತು ಫ್ರಿಡೋವಿಚ್ ಅದೇ ಪ್ರೋಟೀನು ಸೂಪರ್ ಆಕ್ಸೈಡನ್ನು ನಾಶಮಾಡುವ ಕಿಣ್ವವೆಂದು ತೋರಿಸಿದರು.

ಈ ಕಿಣ್ವಕ್ಕೆ ಎರಡು ಸಮಾನ ಭಾಗಗಳಿವೆ. ಪ್ರತಿ ಭಾಗದಲ್ಲಿ ಒಂದು ತಾಮ್ರದ ಪರಮಾಣು, ಒಂದು ಸತುವಿನ ಪರಮಾಣು. ಸತು ರಚನೆಯನ್ನು ಭದ್ರವಾಗಿ ಹಿಡಿದಿಡುತ್ತದೆ, ಕೆಲಸ ಮಾಡುವುದು ತಾಮ್ರ. ಮೊದಲ ಸೂಪರ್ ಆಕ್ಸೈಡ್ ಕಣದಿಂದ ತಾಮ್ರ ಒಂದು ಇಲೆಕ್ಟ್ರಾನನ್ನು ಪಡೆದು ಅದನ್ನು ಸಾಮಾನ್ಯ ಆಮ್ಲಜನಕವಾಗಿಸುತ್ತದೆ. ಎರಡನೆಯ ಕಣಕ್ಕೆ ಅದೇ ಇಲೆಕ್ಟ್ರಾನನ್ನು ಕೊಟ್ಟು ಹೈಡ್ರೋಜನ್ ಪೆರಾಕ್ಸೈಡ್ ಆಗಿಸುತ್ತದೆ. ಹೀಗೆ ಪಡೆದು ಕೊಡುವುದರಲ್ಲಿ ತಾಮ್ರ ತಾನು ಖರ್ಚಾಗುವುದಿಲ್ಲ. ಉಳಿದ ಪೆರಾಕ್ಸೈಡನ್ನು ಕಬ್ಬಿಣವುಳ್ಳ ಕ್ಯಾಟಲೇಸ್ ಮತ್ತು ಸೆಲೆನಿಯಂ ಉಳ್ಳ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ನೀರಾಗಿಸುತ್ತವೆ. ತಾಮ್ರ ಮಾತ್ರ ಸಾಕಾಗಿದ್ದು ಸತು ಅಥವಾ ಸೆಲೆನಿಯಂ ಕೊರತೆಯಿದ್ದರೆ ಸರಪಳಿ ನಡುವೆಯೇ ತುಂಡಾಗುತ್ತದೆ.

ಬೀದರಿನವರಿಗೆ ಸತು–ತಾಮ್ರದ ಜೊತೆ ಹೊಸದಲ್ಲ. ಬಿದರಿ ಪಾತ್ರೆಯ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪವೇ ತಾಮ್ರ. ಆದರೂ ಕೋಟೆಯ ಮಣ್ಣಿನ ಲೇಪಕ್ಕೆ ಆ ಕಡುಗಪ್ಪು ನಿಲ್ಲುವುದು ಆ ಸ್ವಲ್ಪ ತಾಮ್ರದಿಂದ. ದನದ ಕೂದಲಿನ ಕಪ್ಪೂ ತಾಮ್ರವನ್ನೇ ಅವಲಂಬಿಸಿದೆ ಎಂಬುದನ್ನು ಮುಂದೆ ನೋಡುವಿರಿ.

ಅನುಕರಿಸುವ ಸಂಯುಕ್ತಗಳು ಯಾವುವು?

ಬಿಡಿಯಾದ ತಾಮ್ರ ದೇಹದಲ್ಲಿ ಮಿತ್ರನಲ್ಲ. ಯಾವುದಕ್ಕೂ ಕಟ್ಟುಬೀಳದ ತಾಮ್ರ ಪೆರಾಕ್ಸೈಡ್ ಜೊತೆ ವರ್ತಿಸಿ ಸೂಪರ್ ಆಕ್ಸೈಡಿಗಿಂತಲೂ ಉಗ್ರವಾದ ಹೈಡ್ರಾಕ್ಸಿಲ್ ಕಣಗಳನ್ನು ಹುಟ್ಟಿಸುತ್ತದೆ. ಆದುದರಿಂದಲೇ ದೇಹವು ತಾಮ್ರವನ್ನು ಸದಾ ಯಾವುದಾದರೊಂದು ಪ್ರೋಟೀನಿಗೆ ಕಟ್ಟಿಯೇ ಇಡುತ್ತದೆ. ತಾಮ್ರ ರಕ್ಷಕನಾಗುವುದೋ ಭಕ್ಷಕನಾಗುವುದೋ ಅದನ್ನು ಹಿಡಿದಿರುವ ಅಣುವಿನ ಮೇಲೆ ನಿಂತಿದೆ.

ಈ ತಿಳಿವಳಿಕೆಯಿಂದ ರಸಾಯನ ವಿಜ್ಞಾನಿಗಳು, ದೊಡ್ಡ ಕಿಣ್ವದ ಬದಲು ಸಣ್ಣ ಸಾವಯವ ಅಣುಗಳಿಗೆ ತಾಮ್ರವನ್ನು ಬೆಸೆದು ಅದೇ ಕೆಲಸ ಮಾಡಿಸಲು ಯತ್ನಿಸಿದರು. ಅಮೆರಿಕದ ಜಾನ್ ಸೊರೆನ್ಸನ್ 1970ರ ದಶಕದಲ್ಲಿ ಆಸ್ಪಿರಿನ್ ಮತ್ತು ಸ್ಯಾಲಿಸಿಲೇಟ್ ಜೊತೆ ಬೆಸೆದ ತಾಮ್ರವು ಉರಿಯೂತವನ್ನು ತಗ್ಗಿಸುವುದನ್ನು ತೋರಿಸಿದರು. ಇಂಡೋಮೆಥಾಸಿನ್ ಎಂಬ ನೋವುನಿವಾರಕದೊಡನೆ ಬೆಸೆದ ತಾಮ್ರವನ್ನು ಆಸ್ಟ್ರೇಲಿಯಾದಲ್ಲಿ ನಾಯಿ ಮತ್ತು ಕುದುರೆಗಳ ಚಿಕಿತ್ಸೆಗೆ ಬಳಸಲಾಗಿದೆ. ತಾಮ್ರವಲ್ಲದ ಧಾತುಗಳಿಂದಲೂ ಇಂತಹ ಯತ್ನಗಳು ನಡೆದಿವೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಿ. ಮುಗೇಶ್ ಅವರ ತಂಡ, ವನೇಡಿಯಂ ಪೆಂಟಾಕ್ಸೈಡಿನ ಅತಿಸೂಕ್ಷ್ಮ ತಂತಿಗಳು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದಂತೆ ವರ್ತಿಸುವುದನ್ನು 2014ರಲ್ಲಿ ಪ್ರಕಟಿಸಿತು. ಇವು ವೈದ್ಯಕೀಯ ಸಂಶೋಧನೆಗಳು. ಪಶು ಆಹಾರಕ್ಕಾಗಿ ಮಾಡಿದವಲ್ಲ.

ಒಂದು ಸಂಯುಕ್ತ ಕಿಣ್ವವನ್ನು ಅನುಕರಿಸುತ್ತದೆಯೇ ಎಂದು ಪರೀಕ್ಷಿಸುವ ವಿಧಾನ ಸರಳ. ನೈಟ್ರೋ ಬ್ಲೂ ಟೆಟ್ರಜೋಲಿಯಂ ಎಂಬ ಹಳದಿ ದ್ರಾವಣದಲ್ಲಿ ಸೂಪರ್ ಆಕ್ಸೈಡನ್ನು ಹುಟ್ಟಿಸಿದರೆ ಅದು ನೀಲಿಯಾಗುತ್ತದೆ. ಪರೀಕ್ಷಿಸುವ ಸಂಯುಕ್ತವನ್ನು ಬೆರೆಸಿದಾಗ ನೀಲಿ ಬಣ್ಣ ಎಷ್ಟು ಕಡಿಮೆಯಾಯಿತು ಎಂಬುದೇ ಅದರ ಸಾಮರ್ಥ್ಯದ ಅಳತೆ. ಗ್ಲೈಸಿನ್, ಲೈಸಿನ್, ಹಿಸ್ಟಿಡಿನ್ ಮೊದಲಾದ ಅಮಿನೋ ಆಮ್ಲಗಳಿಗೆ ಬೆಸೆದ ತಾಮ್ರವೂ ಈ ಪರೀಕ್ಷೆಯಲ್ಲಿ ಒಂದಿಷ್ಟು ಸಾಮರ್ಥ್ಯ ತೋರಿಸುತ್ತದೆ. ಪ್ರಚಾರಪತ್ರದ ಮಾತು ಇಲ್ಲಿಂದ ಹುಟ್ಟುತ್ತದೆ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯನ್ನೂ ತಿಳಿದಿರಿ. ಬೆಳೆಗಳಿಗೆ ಸಿಂಪಡಿಸುವ ಲಘು ಪೋಷಕಾಂಶಗಳಲ್ಲಿ ತಾಮ್ರವನ್ನು ಇ.ಡಿ.ಟಿ.ಎ. ಎಂಬ ಅಣುವಿಗೆ ಬೆಸೆದಿರುತ್ತಾರೆ. ಅದೂ ಕೀಲೇಟೆಡ್ ತಾಮ್ರವೇ. ಆದರೆ ಇ.ಡಿ.ಟಿ.ಎ. ತಾಮ್ರವನ್ನು ಎಲ್ಲ ಕಡೆಯಿಂದ ಬಿಗಿಯಾಗಿ ಸುತ್ತುವರಿಯುವುದರಿಂದ ಸೂಪರ್ ಆಕ್ಸೈಡ್ ಅದರ ಬಳಿ ಸುಳಿಯಲಾರದು. ಕಿಣ್ವದ ಗುಣ ಅದರಲ್ಲಿ ಇಲ್ಲವೆನ್ನಬಹುದು. ಆದುದರಿಂದ ‘ಕೀಲೇಟೆಡ್’ ಎಂಬ ಪದವೊಂದನ್ನೇ ನೋಡಿ ‘ಉತ್ಕರ್ಷಣ ನಿರೋಧಕ’ ಎಂದು ಭಾವಿಸಬಾರದು.

ಹೊಟ್ಟೆಯೊಳಗೆ ಏನಾಗುತ್ತದೆ

ತಾಮ್ರದ ಸಂಯುಕ್ತವನ್ನು ಬಾಯಿಯ ಮೂಲಕ ಕೊಟ್ಟಾಗ ಅದು ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳ ನಡುವೆ ಗಂಟೆಗಟ್ಟಲೆ ಇದ್ದು, ಬಳಿಕ ನಾಲ್ಕನೆಯ ಹೊಟ್ಟೆಯ ತೀವ್ರ ಆಮ್ಲವನ್ನು ಹಾಯಬೇಕು. ದುರ್ಬಲ ಬೆಸುಗೆಗಳು ಅಲ್ಲಿಯೇ ಬಿಚ್ಚಿಕೊಳ್ಳುತ್ತವೆ. ಕರುಳಿನಿಂದ ರಕ್ತಕ್ಕೆ ಸೇರಿದ ತಾಮ್ರವನ್ನು ಆಲ್ಬ್ಯುಮಿನ್ ಎಂಬ ಪ್ರೋಟೀನು ಹಿಡಿದು ಯಕೃತ್ತಿಗೆ ಒಯ್ಯುತ್ತದೆ. ಅಂದರೆ ಅಂಗಾಂಶವನ್ನು ತಲುಪುವುದು ನೀವು ಕೊಟ್ಟ ಸಂಯುಕ್ತವಲ್ಲ, ಅದರಲ್ಲಿದ್ದ ತಾಮ್ರ ಮಾತ್ರ. ಆ ತಾಮ್ರದಿಂದ ದೇಹವು ತನ್ನ ಕಿಣ್ವವನ್ನು ತಾನೇ ಕಟ್ಟಿಕೊಳ್ಳುತ್ತದೆ. ಸಿದ್ಧ ಕಿಣ್ವವನ್ನೇ ತಿನ್ನಿಸಿದರೂ ಅದು ಉಳಿದ ಪ್ರೋಟೀನಿನಂತೆ ಜೀರ್ಣವಾಗುತ್ತದೆ.

ಇದರಿಂದ ಸಾವಯವ ತಾಮ್ರ ನಿಷ್ಪ್ರಯೋಜಕವೆಂದು ಅರ್ಥವಲ್ಲ. ಹೊಟ್ಟೆಯಲ್ಲಿ ತಾಮ್ರವನ್ನು ಕಸಿಯುವ ಶತ್ರುಗಳು ಹೆಚ್ಚಿರುವಾಗ, ಕೆಲವು ಬೆಸೆದ ರೂಪಗಳಿಂದ ತಾಮ್ರದ ಹೀರಿಕೆ ಉತ್ತಮವಾಗಬಹುದು. ಆದರೆ ಪ್ರಯೋಗಗಳ ಫಲಿತಾಂಶ ಎಲ್ಲ ಕಡೆ ಒಂದೇ ಆಗಿಲ್ಲ, ಬೆಲೆಯಲ್ಲಿ ಮಾತ್ರ ಮೈಲುತುತ್ತಕ್ಕೂ ಇದಕ್ಕೂ ಬಹಳ ಅಂತರವಿದೆ. ತಾಮ್ರ ಸಾಕಷ್ಟಿರುವ ಪಶುವಿಗೆ ಇನ್ನಷ್ಟು ತಾಮ್ರ ಕೊಟ್ಟರೆ ಕಿಣ್ವ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹೆಚ್ಚಾದದ್ದು ಯಕೃತ್ತಿನಲ್ಲಿ ಕೂಡುತ್ತದೆ. ಹೀಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ತಾಮ್ರ?’ ಎಂಬುದಲ್ಲ, ‘ನನ್ನ ದನಕ್ಕೆ ತಾಮ್ರದ ಕೊರತೆ ಇದೆಯೇ?’ ಎಂಬುದು.

ನಮ್ಮ ಭಾಗದಲ್ಲಿ ಕೊರತೆ ಬರುವ ಬಗೆ

ಮೇವಿನಲ್ಲಿ ತಾಮ್ರ ಇಲ್ಲದಿರುವುದು ಒಂದು ಕಾರಣ. ಇದ್ದ ತಾಮ್ರ ದಕ್ಕದಿರುವುದು ಇನ್ನೊಂದು; ಬೀದರ್ ಜಿಲ್ಲೆಯಲ್ಲಿ ಈ ಎರಡನೆಯದನ್ನು ಹೆಚ್ಚು ಗಮನಿಸಬೇಕೆಂಬುದು ನಮ್ಮ ಅಭಿಪ್ರಾಯ.

ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಕಪ್ಪು ಮಣ್ಣು ಸಾಮಾನ್ಯವಾಗಿ ಕ್ಷಾರ ಗುಣದ್ದು. ಮಣ್ಣಿನ ಕ್ಷಾರತೆ ಏರಿದಂತೆ ಮಾಲಿಬ್ಡಿನಂ ಎಂಬ ಧಾತು ಗಿಡಗಳಿಗೆ ಸುಲಭವಾಗಿ ಸಿಗುತ್ತದೆ. ಮೊದಲ ಹೊಟ್ಟೆಯಲ್ಲಿ ಮಾಲಿಬ್ಡಿನಂ ಗಂಧಕದೊಡನೆ ಸೇರಿ ಥಯೋಮಾಲಿಬ್ಡೇಟ್ ಆಗುತ್ತದೆ. ಇದು ತಾಮ್ರವನ್ನು ಬಿಡಿಸಲಾಗದಂತೆ ಕಟ್ಟಿಹಾಕುತ್ತದೆ. 1938ರಲ್ಲಿ ಇಂಗ್ಲೆಂಡಿನ ಸಾಮರ್ಸೆಟ್ ಹುಲ್ಲುಗಾವಲುಗಳಲ್ಲಿ ದನಗಳ ತೀವ್ರ ಭೇದಿಗೆ ಮಾಲಿಬ್ಡಿನಂ ಕಾರಣವೆಂದು ಗುರುತಿಸಿ, ತಾಮ್ರ ಕೊಟ್ಟು ಗುಣಪಡಿಸಿದ್ದು ಪಶುಪೋಷಣೆಯ ಇತಿಹಾಸದಲ್ಲಿ ಪ್ರಸಿದ್ಧ. ಮೇವಿನಲ್ಲಿ ಒಂದು ಪಾಲು ಮಾಲಿಬ್ಡಿನಂಗೆ ತಾಮ್ರ ಎರಡು ಪಾಲಿಗಿಂತ ಕಡಿಮೆಯಾದರೆ ಕೊರತೆಯ ಭಯವಿದೆ ಎಂದು ಎಣಿಸಲಾಗುತ್ತದೆ.

ಗಂಧಕ ಬೇರೆ ದಾರಿಯಿಂದಲೂ ಬರುತ್ತದೆ. ಕೊಳವೆಬಾವಿಯ ನೀರಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ ದನ ಕುಡಿಯುವ ಪ್ರತಿ ಬಕೆಟ್ ನೀರೂ ಲೆಕ್ಕಕ್ಕೆ ಸೇರುತ್ತದೆ. ಕಾರಂಜಾ ಜಲಾಶಯದ ನೀರಿನಿಂದ ಕಬ್ಬು ಬೆಳೆಯುವ ಭಾಲ್ಕಿ ಭಾಗದಲ್ಲಿ ಸೋಗೆ ತಿನ್ನಿಸಿ, ಕಾಕಂಬಿ ಕೊಡುವ ರೂಢಿಯಿದ್ದರೆ, ಕಾಕಂಬಿಯಲ್ಲಿಯೂ ಗಂಧಕವಿರುವುದನ್ನು ನೆನಪಿಡಿ.

ಬೀದರ್ ನಗರದ ಸುತ್ತಲಿನ ಜಂಬಿಟ್ಟಿಗೆ ಮಣ್ಣಿನ ಕಥೆ ಬೇರೆ. ಅದು ಕಬ್ಬಿಣ ಹೇರಳವಾಗಿರುವ ಮಣ್ಣು. ಬೇಸಿಗೆಯಲ್ಲಿ ಹುಲ್ಲು ನೆಲಕ್ಕೆ ಅಂಟುವಷ್ಟು ಗಿಡ್ಡವಾದಾಗ ಮೇಯುವ ದನಗಳು ಹುಲ್ಲಿನೊಡನೆ ಮಣ್ಣನ್ನೂ ನುಂಗುತ್ತವೆ. ಹೀಗೆ ಒಳಹೋದ ಕಬ್ಬಿಣವೂ ತಾಮ್ರದ ಹೀರಿಕೆಗೆ ಅಡ್ಡಿಯಾಗುತ್ತದೆ.

ಕೊರತೆಯ ಚಿಹ್ನೆಗಳನ್ನು ಕಣ್ಣಿನಿಂದ ಗುರುತಿಸುವುದು ಸಾಧ್ಯ, ಆದರೆ ತಳಿಯನ್ನು ನೋಡಿ ಗುರುತಿಸಬೇಕು. ಕೂದಲಿಗೆ ಕಪ್ಪು ಬಣ್ಣ ಕೊಡುವ ಟೈರೋಸಿನೇಸ್ ಎಂಬ ಕಿಣ್ವಕ್ಕೂ ತಾಮ್ರ ಬೇಕು. ಕೊರತೆಯಾದಾಗ ಕಪ್ಪು ಕೂದಲು ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿ ಒರಟಾಗುತ್ತದೆ. ಕಣ್ಣಿನ ಸುತ್ತ ಮೊದಲು ಕಾಣುತ್ತದೆ. ನಮ್ಮ ದೇವಣಿ ತಳಿಯಲ್ಲಿ ಮೂರು ಬಗೆಗಳಿವೆಯಷ್ಟೆ. ಮುಖದ ಪಕ್ಕಗಳು ಕಪ್ಪಾಗಿರುವ ವಾನೇರಾದಲ್ಲಿ ಮತ್ತು ಮೈಮೇಲೆ ಕಪ್ಪು ಮಚ್ಚೆಗಳಿರುವ ಶೇವೇರಾದಲ್ಲಿ ಈ ಬದಲಾವಣೆಯನ್ನು ಹುಡುಕಬಹುದು. ಪೂರ್ತಿ ಬಿಳಿಯಾದ ಬಾಲಂಕ್ಯಾದಲ್ಲಿ ಈ ಚಿಹ್ನೆಗೆ ಅವಕಾಶವೇ ಇಲ್ಲ. ಎಮ್ಮೆಗಳಲ್ಲಿ ಚರ್ಮ ಮತ್ತು ಕೂದಲು ತೇಪೆ ತೇಪೆಯಾಗಿ ಬಿಳಿಯಾಗುವುದಕ್ಕೂ ತಾಮ್ರದ ಕೊರತೆಗೂ ಸಂಬಂಧ ಕಂಡುಬಂದಿದೆ. ಬೆದೆಗೆ ಬಾರದಿರುವುದು, ಕರುಗಳ ಬೆಳವಣಿಗೆ ಕುಂಠಿತವಾಗುವುದು, ರಕ್ತಹೀನತೆ, ಬಿಡದ ಭೇದಿ ಇವೂ ಚಿಹ್ನೆಗಳೇ, ಆದರೆ ಇವುಗಳಿಗೆ ಜಂತುಹುಳುವಿನಿಂದ ಹಿಡಿದು ಬೇರೆ ಹತ್ತು ಕಾರಣಗಳಿರಬಹುದು. ಗರ್ಭದಲ್ಲಿ ತಾಮ್ರ ಸಾಲದೆ ಹುಟ್ಟಿದ ಕುರಿಮರಿಗಳು ಹಿಂಗಾಲು ತೂರಾಡಿ ಬೀಳುತ್ತವೆ; ಇದಕ್ಕೆ ತಾಮ್ರದ ಕೊರತೆಯೇ ಕಾರಣವೆಂದು ಪಶ್ಚಿಮ ಆಸ್ಟ್ರೇಲಿಯಾದ ಬೆನೆಟ್ಸ್ 1937ರಲ್ಲಿ ತೋರಿಸಿದರು.

ಲೆಕ್ಕ ಮಾಡುವ ಕ್ರಮ

ಆಕಳಿಗೆ ಪ್ರತಿ ಕಿಲೋ ಒಣ ಮೇವಿಗೆ ಸುಮಾರು 10 ಮಿಲಿಗ್ರಾಂ ತಾಮ್ರ ಬೇಕು. ದಿನಕ್ಕೆ 9 ಕಿಲೋ ಒಣ ಅಂಶ ತಿನ್ನುವ ಆಕಳಿಗೆ 90 ಮಿಲಿಗ್ರಾಂ ಆಯಿತು. ನಿಮ್ಮ ಜೋಳದ ಕಣಿಕೆ, ತೊಗರಿ ಹೊಟ್ಟು, ಹಿಂಡಿ ಎಲ್ಲ ಸೇರಿ ಕಿಲೋಗೆ 6 ಮಿಲಿಗ್ರಾಂ ತಾಮ್ರವಿದೆ ಎಂದಿಟ್ಟುಕೊಳ್ಳಿ: 54 ಮಿಲಿಗ್ರಾಂ ಸಿಕ್ಕಿತು, 36 ಮಿಲಿಗ್ರಾಂ ಕಡಿಮೆ ಬಿತ್ತು. ಚೀಲದ ಮೇಲೆ ತಾಮ್ರ ಶೇ 0.1 ಎಂದು ಬರೆದಿರುವ ಖನಿಜ ಮಿಶ್ರಣದ 50 ಗ್ರಾಂನಲ್ಲಿ 50 ಮಿಲಿಗ್ರಾಂ ತಾಮ್ರವಿರುತ್ತದೆ. ಅಲ್ಲಿಗೆ ಕೊರತೆ ತುಂಬಿತು. ಸಾಮಾನ್ಯ ಆಕಳಿಗೆ ಇದಕ್ಕಿಂತ ದುಬಾರಿಯಾದ ಯಾವುದೂ ಬೇಕಿಲ್ಲ.

ಕೊರತೆ ನೀಗಿಸಲು ಮೈಲುತುತ್ತವನ್ನು ನೇರವಾಗಿ ತಿನ್ನಿಸುವವರೂ ಇದ್ದಾರೆ. ಮೈಲುತುತ್ತದಲ್ಲಿ ಕಾಲು ಭಾಗದಷ್ಟು ತಾಮ್ರವಿದೆ. ಮೇಲಿನ 36 ಮಿಲಿಗ್ರಾಂಗೆ ಬೇಕಾದದ್ದು ಒಂದು ಗ್ರಾಮಿನ ಏಳನೆಯ ಒಂದು ಭಾಗ. ಮನೆಯ ತಕ್ಕಡಿಯಲ್ಲಿ ಇದನ್ನು ತೂಗಲಾಗದು. ಪಶುವೈದ್ಯರ ಲಿಖಿತ ಸಲಹೆಯಿಲ್ಲದೆ ಹೀಗೆ ಮಾಡಬೇಡಿ.

ಕುರಿಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ

ಔರಾದ ಭಾಗದಲ್ಲಿ ಒಂದೇ ಮನೆಯಲ್ಲಿ ಎರಡು ದೇವಣಿ ಎತ್ತು, ಒಂದು ಎಮ್ಮೆ, ನಾಲ್ಕಾರು ಆಡು, ಹತ್ತು ಕುರಿಗಳಿರುವುದು ಅಪರೂಪವಲ್ಲ. ಖನಿಜ ಮಿಶ್ರಣದ ಚೀಲ ಮಾತ್ರ ಒಂದೇ. ಅಪಾಯವಿರುವುದು ಇಲ್ಲಿಯೇ.

ಆಕಳು ತನಗೆ ಹೆಚ್ಚಾದ ತಾಮ್ರವನ್ನು ಪಿತ್ತರಸದ ಮೂಲಕ ಹೊರಹಾಕಬಲ್ಲದು. ಕುರಿಗೆ ಈ ಶಕ್ತಿ ಬಹಳ ಕಡಿಮೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 2005ರಲ್ಲಿ ನಿಗದಿಪಡಿಸಿದ ಸಹನೆಯ ಮಿತಿ, ಪ್ರತಿ ಕಿಲೋ ಒಣ ಆಹಾರಕ್ಕೆ, ದನಗಳಿಗೆ 40 ಮಿಲಿಗ್ರಾಂ, ಕುರಿಗಳಿಗೆ 15 ಮಿಲಿಗ್ರಾಂ. ಆಡುಗಳು ಕುರಿಗಳಿಗಿಂತ ಹೆಚ್ಚು ತಡೆಯಬಲ್ಲವು. ಆದುದರಿಂದ ಬಿದರಿ ಆಡಿಗೆ ಒಗ್ಗಿದ್ದು ಕುರಿಗೂ ಒಗ್ಗುತ್ತದೆ ಎಂಬ ತರ್ಕ ಸಲ್ಲದು. ದಿನಕ್ಕೆ 1 ಕಿಲೋ ಒಣ ಮೇವು ತಿನ್ನುವ ಕುರಿಗೆ ಮೇವಿನಿಂದ 6 ಮಿಲಿಗ್ರಾಂ ಬಂದಿದೆ. ಮೇಲೆ ಹೇಳಿದ ಆಕಳಿನ ಮಿಶ್ರಣವನ್ನೇ 20 ಗ್ರಾಂ ಕೊಟ್ಟರೆ ಒಟ್ಟು 26 ಮಿಲಿಗ್ರಾಂ ಆಗಿ ಮಿತಿ ದಾಟಿತು. ಮಾಲಿಬ್ಡಿನಂ ಕಡಿಮೆಯಿರುವ ಮೇವಿನಲ್ಲಿ ಮಿತಿಯ ಒಳಗೂ ತೊಂದರೆಯಾಗಬಹುದು.

ವಿಷ ಅಂದೇ ಕಾಣುವುದಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಾಮ್ರ ಯಕೃತ್ತಿನಲ್ಲಿ ಸಂಗ್ರಹವಾಗುತ್ತದೆ. ಕುರಿ ಚೆನ್ನಾಗಿಯೇ ಮೇಯುತ್ತಿರುತ್ತದೆ. ಬಳಿಕ ಒಂದು ದಿನ, ಮೇವು ತಪ್ಪಿದಾಗಲೋ ದೂರ ನಡೆಸಿದಾಗಲೋ, ಆ ತಾಮ್ರ ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾಗಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕಟ್ಟುಬೀಳದ ತಾಮ್ರ ತಾನು ತಡೆಯಬೇಕಾದ ಹಾನಿಯನ್ನು ತಾನೇ ಮಾಡುವುದೆಂದರೆ ಇದೇ. ಕಣ್ಣು, ಒಸಡು ಹಳದಿಯಾಗುತ್ತವೆ, ಮೂತ್ರ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ, ಒಂದರಿಂದ ಮೂರು ದಿನಗಳಲ್ಲಿ ಸಾವು ಬರುತ್ತದೆ. ಮಾಲಿಬ್ಡೇಟ್ ಮತ್ತು ಗಂಧಕದ ಲವಣಗಳಿಂದ ಚಿಕಿತ್ಸೆಯಿದೆ. ಆದರೆ ಚಿಹ್ನೆ ಕಂಡ ಕುರಿ ಉಳಿಯುವುದು ಕಷ್ಟ. ಚಿಕಿತ್ಸೆಯಿಂದ ಹೆಚ್ಚು ಲಾಭವಾಗುವುದು ಹಿಂಡಿನ ಉಳಿದ ಕುರಿಗಳಿಗೆ. ಇಂತಹ ಮೂತ್ರ ಮತ್ತು ಕಾಮಾಲೆ ಬೇರೆ ರೋಗಗಳಲ್ಲಿಯೂ ಬರುವುದರಿಂದ ಸತ್ತ ಕುರಿಯನ್ನು ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. ಯಕೃತ್ತು ಮತ್ತು ಮೂತ್ರಪಿಂಡದ ತುಣುಕುಗಳು ಉಳಿದ ಹಿಂಡನ್ನು ಕಾಯಬಲ್ಲವು.

ಕುರಿಗಳಿಗೆಂದೇ ತಯಾರಿಸಿದ, ತಾಮ್ರ ಸೇರಿಸದ ಅಥವಾ ಅತ್ಯಲ್ಪ ಸೇರಿಸಿದ ಮಿಶ್ರಣವನ್ನು ಬೇರೆ ಡಬ್ಬಿಯಲ್ಲಿ ಇಡಿ. ಕೋಳಿ ಮತ್ತು ಹಂದಿಯ ಆಹಾರದಲ್ಲಿ ತಾಮ್ರ ಹೆಚ್ಚಿರಬಹುದಾದ್ದರಿಂದ ಅದನ್ನು ಕುರಿಗೆ ಹಾಕಬೇಡಿ. ಶುಂಠಿ, ದ್ರಾಕ್ಷಿ ಅಥವಾ ತರಕಾರಿಗೆ ಬೋರ್ಡೋ ದ್ರಾವಣವನ್ನೋ ತಾಮ್ರದ ಆಕ್ಸಿಕ್ಲೋರೈಡನ್ನೋ ಸಿಂಪಡಿಸಿದ ಹೊಲದ ಬದುಗಳಲ್ಲಿ ಕುರಿ ಮೇಯಿಸುವುದೂ, ಆ ಕಳೆಯನ್ನು ಕೊಯ್ದು ಹಾಕುವುದೂ ಅಪಾಯ. ಕಾಲುಬೇನೆಗೆ ಮೈಲುತುತ್ತದ ನೀರಿನಲ್ಲಿ ಕುರಿಗಳನ್ನು ನಡೆಸಿದರೆ ಅವು ಆ ನೀರು ಕುಡಿಯದಂತೆ ನೋಡಿಕೊಳ್ಳಿ.

ಬೆಳೆಗಳ ಬಗ್ಗೆ ಒಂದು ಮಾತು

ಗಿಡಗಳಲ್ಲಿಯೂ ಸತು–ತಾಮ್ರದ ಇದೇ ಕಿಣ್ವ ಇದೆ. ಹಾಗೆಂದು ಬರ ತಡೆಯಲು ತಾಮ್ರ ಸಿಂಪಡಿಸಿರಿ ಎಂಬ ಸಲಹೆಯನ್ನು ಪರೀಕ್ಷೆಯಿಲ್ಲದೆ ಒಪ್ಪಬೇಡಿ. ಡಿ.ಟಿ.ಪಿ.ಎ. ವಿಧಾನದಲ್ಲಿ ಮಣ್ಣಿನ ತಾಮ್ರ ಕಿಲೋಗೆ 0.2 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಮಾತ್ರ ಕೊರತೆ ಎನ್ನುತ್ತೇವೆ. ಕಪ್ಪು ಮಣ್ಣಿನಲ್ಲಿ ಸಾಮಾನ್ಯವಾಗಿ ಕಾಡುವುದು ಸತು ಮತ್ತು ಕಬ್ಬಿಣದ ಕೊರತೆ, ತಾಮ್ರದ್ದಲ್ಲ. ಶಿಲೀಂಧ್ರನಾಶಕವಾಗಿ ಹಾಕಿದ ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ವರ್ಷ ವರ್ಷವೂ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ.

ಪರೀಕ್ಷೆ ಮತ್ತು ಖರೀದಿ

ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದ ಒಂದು ಅಂಶವಿದೆ. ರಕ್ತದ ತಾಮ್ರವನ್ನು ಅಳೆದ ಮಾತ್ರಕ್ಕೆ ತೀರ್ಮಾನಕ್ಕೆ ಬರಲಾಗದು. ಯಕೃತ್ತಿನ ದಾಸ್ತಾನು ಬಹುತೇಕ ಮುಗಿಯುವವರೆಗೂ ರಕ್ತದ ಮಟ್ಟ ಸರಿಯಾಗಿಯೇ ತೋರುತ್ತದೆ. ಅಷ್ಟೇ ಅಲ್ಲದೆ, ಕೆಚ್ಚಲು ಬಾವಿನಂತಹ ಸೋಂಕು ಇದ್ದಾಗ ತಾಮ್ರವುಳ್ಳ ಸೆರುಲೊಪ್ಲಾಸ್ಮಿನ್ ಎಂಬ ಪ್ರೋಟೀನು ರಕ್ತದಲ್ಲಿ ಏರಿ, ಕೊರತೆಯಿರುವ ದನವೂ ಸಮೃದ್ಧವಾಗಿರುವಂತೆ ಕಾಣುತ್ತದೆ. ಆದುದರಿಂದ ಒಂದೇ ಹಿಂಡಿನ ಆರೋಗ್ಯವಾಗಿರುವ ಹಲವು ದನಗಳ ಮಾದರಿ, ಮೇವಿನ ಮಾದರಿ ಮತ್ತು ಕುಡಿಯುವ ನೀರಿನ ಮಾದರಿಗಳನ್ನು ಒಟ್ಟಿಗೆ ಪರೀಕ್ಷಿಸಿ. ಮೇವಿನಲ್ಲಿ ತಾಮ್ರದೊಡನೆ ಮಾಲಿಬ್ಡಿನಂ ಮತ್ತು ಗಂಧಕವನ್ನೂ, ನೀರಿನಲ್ಲಿ ಸಲ್ಫೇಟ್ ಮತ್ತು ಕಬ್ಬಿಣವನ್ನೂ ಕೇಳಿ ಬರೆಸಿ. ಮಾದರಿ ತೆಗೆಯುವ ಕ್ರಮಕ್ಕೆ ನಿಮ್ಮ ಊರಿನ ಪಶು ಆಸ್ಪತ್ರೆಯನ್ನು, ಬೀದರ್‌ನ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ನಂದಿನಗರದಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯವನ್ನು ವಿಚಾರಿಸಬಹುದು.

ಪರೀಕ್ಷೆಯಲ್ಲಿ ಮಾಲಿಬ್ಡಿನಂ ಅಥವಾ ಸಲ್ಫೇಟ್ ಹೆಚ್ಚೆಂದು ಬಂದು, ಸಾಮಾನ್ಯ ಮಿಶ್ರಣದಿಂದ ಎರಡು ಮೂರು ತಿಂಗಳಲ್ಲಿ ಸುಧಾರಣೆ ಕಾಣದಿದ್ದರೆ, ಆಗ ಅಮಿನೋ ಆಮ್ಲಕ್ಕೆ ಬೆಸೆದ ತಾಮ್ರವನ್ನಾಗಲಿ, ನಾಲ್ಕನೆಯ ಹೊಟ್ಟೆಯಲ್ಲಿ ನಿಂತು ನಿಧಾನವಾಗಿ ಕರಗುವ ತಾಮ್ರದ ಆಕ್ಸೈಡ್ ಸೂಜಿಗಳ ಗುಳಿಗೆಯನ್ನಾಗಲಿ ಪಶುವೈದ್ಯರ ಸಲಹೆಯಂತೆ ಬಳಸುವುದು ಯೋಗ್ಯ. ಪುಡಿ ರೂಪದ ತಾಮ್ರದ ಆಕ್ಸೈಡ್ ಬಹಳ ಕಡಿಮೆ ಹೀರಲ್ಪಡುತ್ತದೆ. ಚೀಲದ ಮೇಲೆ ತಾಮ್ರದ ಮೂಲ ಯಾವುದೆಂದು ಓದಿ. ತಾಮ್ರ ಎಷ್ಟು ಮಿಲಿಗ್ರಾಂ ಅಥವಾ ಶೇಕಡಾ ಎಷ್ಟು ಎಂದು ಬರೆಯದೆ, ‘ಉತ್ಕರ್ಷಣ ನಿರೋಧಕ ಶಕ್ತಿ’ ಎಂದಷ್ಟೇ ಮುದ್ರಿಸಿರುವ ಉತ್ಪನ್ನವನ್ನು ಕೊಳ್ಳದಿರುವುದು ಲೇಸು. ಖರೀದಿಸಿದ ಚೀಲದ ಚೀಟಿಯನ್ನು ಹರಿದು ಎಸೆಯದೆ ಕೊಟ್ಟಿಗೆಯ ಗೋಡೆಗೆ ಅಂಟಿಸಿಡಿ. ಪಶುವೈದ್ಯರು ಬಂದಾಗ ಮೊದಲು ಕೇಳುವುದು ಅದನ್ನೇ.